ಕಂಪ್ರೆಸ್ ಆದ ಫೈಲ್ ಬಿಚ್ಚಿಕೊಳ್ಳದಿದ್ದರೆ: ಮೊದಲು ತಲೆ, ಆಮೇಲೆ ಬಾಲ

‘ಅನ್‌ಎಕ್ಸ್‌ಪೆಕ್ಟೆಡ್ ಎಂಡ್ ಆಫ್ ಫೈಲ್.’ ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಮುಗಿಸಿ, ಬ್ಯಾಕಪ್ ಬಿಚ್ಚಲು ಕೂತಾಗ ನನಗೆ ಕಂಡ ಸಾಲು ಇದು. ಟಾರ್ ಮಾಡಿ (ಹಲವು ಫೈಲುಗಳನ್ನು ಒಂದೇ ಗಂಟಾಗಿ ಕಟ್ಟಿ) ಜಿಜಿಪ್ ಹೊಡೆದ (ಹಿಂಡಿ ಚಿಕ್ಕದು ಮಾಡಿದ) ದೊಡ್ಡ ಫೈಲ್. ಗಾಬರಿಯಲ್ಲಿ ಮತ್ತೊಂದು ಸಾಫ್ಟ್‌ವೇರ್ ಹಾಕಿ ನೋಡಿದೆ, ಇನ್ನೊಂದು ಕಂಪ್ಯೂಟರಿಗೆ ಒಯ್ದೆ, ಅಲ್ಲೂ ಅದೇ ರಾಗ. ಅರ್ಧ ದಿನ ಹೋಯಿತು. ಕೊನೆಗೆ ಸುಮ್ನೆ ಫೈಲಿನ ಗಾತ್ರದ ಮೇಲೆ ಕಣ್ಣು ಬಿತ್ತು: 4,29,49,67,295 ಬೈಟ್.

ಈ ಸಂಖ್ಯೆ ನೋಡಿದ ಕೂಡಲೇ ವಿಷಯ ಗೊತ್ತಾಗಬೇಕಿತ್ತು. 32 ಎರಡುಗಳನ್ನು ಒಂದಕ್ಕೊಂದು ಗುಣಿಸಿ ಒಂದು ಕಳೆದರೆ ಬರುವ ಸಂಖ್ಯೆ ಅದು. ಫ್ಯಾಟ್32 ಫಾರ್ಮ್ಯಾಟಿನ ಪೆನ್‌ಡ್ರೈವಿನಲ್ಲಿ ಒಂದು ಫೈಲ್ ಅದಕ್ಕಿಂತ ದೊಡ್ಡದಾಗಲು ಸಾಧ್ಯವೇ ಇಲ್ಲ. ಫೈಲ್ ಕೆಟ್ಟಿರಲಿಲ್ಲ, ತುಂಡಾಗಿತ್ತು. ಕಾಪಿ ಮಾಡಿದ ಸ್ಕ್ರಿಪ್ಟ್ ಆವತ್ತೇ ಎರರ್ ಕೊಟ್ಟಿತ್ತು, ಓದುವವರು ಯಾರೂ ಇರಲಿಲ್ಲ ಅಷ್ಟೇ.

ಎರರ್ ಸಾಲು ಸುಳ್ಳು ಹೇಳಲಿಲ್ಲ. ಆದರೆ ಟೂಲ್ ಎಲ್ಲಿ ಎಡವಿತು ಅಂತ ಮಾತ್ರ ಅದು ಹೇಳುತ್ತದೆ. ಕಲ್ಲು ಯಾರು ಇಟ್ಟರು ಅಂತ ಹೇಳುವುದಿಲ್ಲ. ಅದನ್ನು ಹುಡುಕುವ ದಾರಿಯೇ ಈ ಬರಹ. ಜಿಜಿಪ್, ಬಿಜಿಪ್2, ಎಕ್ಸ್‌ಜೆಡ್, ಜೆಡ್‌ಸ್ಟ್ಯಾಂಡರ್ಡ್, ಜಿಪ್ ಎಂಬ ಕಂಪ್ರೆಸ್ ಫಾರ್ಮ್ಯಾಟುಗಳ ಸುತ್ತ ಮಾತು. ಕಮಾಂಡುಗಳನ್ನು ಕನ್ನಡದಲ್ಲೇ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು.

ಕೈ ಹಾಕುವ ಮುಂಚೆ

ಮೂಲ ಫೈಲಿನ ಮೇಲೆ ಪ್ರಯೋಗ ಬೇಡ. ಒಂದು ಕಾಪಿ ತೆಗೆದುಕೊಳ್ಳಿ, ಗಾತ್ರ ಬರೆದಿಟ್ಟುಕೊಳ್ಳಿ, ‘ಎಸ್‌ಎಚ್‌ಎ256ಸಮ್’ ಓಡಿಸಿ ಬಂದ ಚೆಕ್‌ಸಮ್ಮನ್ನೂ (ಫೈಲಿನ ಬೈಟುಗಳಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಸಂಖ್ಯೆ) ಬರೆದಿಟ್ಟುಕೊಳ್ಳಿ. ಎಲ್ಲಿಂದ ಫೈಲ್ ಬಂತೋ ಅಲ್ಲಿ ಚೆಕ್‌ಸಮ್ ಕೊಟ್ಟಿದ್ದರೆ ಹೋಲಿಸಿ. ಎರಡೂ ಒಂದೇ ಆದರೆ ಸಾಗಣೆಯಲ್ಲಿ ಏನೂ ಆಗಿಲ್ಲ ಅಂತ ಅರ್ಥ. ಅರ್ಧ ತಲೆನೋವು ಅಲ್ಲೇ ಕಳೆಯಿತು.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ‘ಜಿಜಿಪ್ -ಡಿ’ ಕೆಲಸ ಸರಿಯಾಗಿ ಮುಗಿದರೆ ಕಂಪ್ರೆಸ್ ಆದ ಮೂಲವನ್ನು ಅಳಿಸುತ್ತದೆ. ಕೆಲಸ ಕೆಟ್ಟರೆ ಅಲ್ಲಿಯವರೆಗೆ ಬಿಚ್ಚಿದ ಅರ್ಧ ಫೈಲನ್ನು ಅಳಿಸುತ್ತದೆ. ಆ ಅರ್ಧವೇ ನಮಗೆ ಬೇಕಾದದ್ದು, ಅಲ್ವಾ? ಹಾಗಾಗಿ ದೋಷ ಇದೆ ಎಂದು ಅನುಮಾನ ಬಂದರೆ ‘ಜೆಡ್‌ಕ್ಯಾಟ್’ ಬಳಸಿ, ಬಂದದ್ದನ್ನು ಬೇರೆ ಫೈಲಿಗೆ ತಿರುಗಿಸಿ. ಎಡವುವ ಜಾಗದವರೆಗಿನ ಡೇಟಾ ಕೈಯಲ್ಲಿ ಉಳಿಯುತ್ತದೆ. ನನ್ನ ಬ್ಯಾಕಪ್ಪಿನಲ್ಲಿ ಕೊನೆಯ ಎರಡು ಫೋಲ್ಡರ್ ಬಿಟ್ಟು ಮಿಕ್ಕದ್ದೆಲ್ಲ ಹೀಗೇ ಸಿಕ್ಕಿತು.

ತಲೆ ನೋಡುವುದು

ಬೈಟುಗಳನ್ನು ಹೆಕ್ಸ್‌ನಲ್ಲಿ, ಅಂದರೆ 16ರ ಲೆಕ್ಕದಲ್ಲಿ (0–9, ಆಮೇಲೆ ಎ–ಎಫ್) ತೋರಿಸುವ ‘ಎಕ್ಸ್‌ಎಕ್ಸ್‌ಡಿ’ ಕಮಾಂಡಿಗೆ ಫೈಲ್ ಕೊಟ್ಟು ಮೊದಲ ಸಾಲು ನೋಡಿ. ಪ್ರತಿ ಫಾರ್ಮ್ಯಾಟಿಗೂ ಹಣೆಯ ಮೇಲೆ ಒಂದು ಗುರುತು ಇರುತ್ತದೆ:

ಜಿಜಿಪ್: 1ಎಫ್ 8ಬಿ 08
ಬಿಜಿಪ್2: 42 5ಎ 68, ಆಮೇಲೆ 31ರಿಂದ 39ರೊಳಗೆ ಒಂದು ಬೈಟ್
ಎಕ್ಸ್‌ಜೆಡ್: ಎಫ್‌ಡಿ 37 7ಎ 58 5ಎ 00
ಜೆಡ್‌ಸ್ಟ್ಯಾಂಡರ್ಡ್: 28 ಬಿ5 2ಎಫ್ ಎಫ್‌ಡಿ
ಜಿಪ್: 50 4ಬಿ 03 04
7-ಜಿಪ್: 37 7ಎ ಬಿಸಿ ಎಎಫ್ 27 1ಸಿ

ಗುರುತು ಸರಿ ಇದೆ, ಆದರೆ ಹೆಸರಿನ ಬಾಲ ಬೇರೆ ಹೇಳುತ್ತಿದೆ ಎಂದಾದರೆ ಸಮಸ್ಯೆ ಸಣ್ಣದು. ಯಾರೋ ಎಕ್ಸ್‌ಜೆಡ್ ಫೈಲಿಗೆ ಜಿಜಿಪ್ ಹೆಸರಿಟ್ಟಿದ್ದಾರೆ. ‘ನಾಟ್ ಇನ್ ಜಿಜಿಪ್ ಫಾರ್ಮ್ಯಾಟ್’ ಎಂಬ ದೂರಿಗೆ ಎಷ್ಟೋ ಸಲ ಇಷ್ಟೇ ಕಾರಣ. ಇನ್ನೂ ತಮಾಷೆ ಎಂದರೆ ಫೈಲ್ 3ಸಿ 21 ಅಥವಾ 3ಸಿ 68ರಿಂದ ಶುರುವಾಗುವುದು. ಅದು ಎಚ್‌ಟಿಎಂಎಲ್. ನೀವು ಇಳಿಸಿಕೊಂಡಿರುವುದು ಆರ್ಕೈವ್ ಅಲ್ಲ, ‘ಪುಟ ಸಿಗಲಿಲ್ಲ’ ಅನ್ನುವ ಪುಟ. ಕೆಲವು ಸಲ ಸರ್ವರ್ ಜಿಜಿಪ್ ಫೈಲನ್ನು ದಾರಿಗಾಗಿ ಇನ್ನೊಮ್ಮೆ ಜಿಜಿಪ್ ಮಾಡುತ್ತದೆ, ಅಥವಾ ಬ್ರೌಸರ್ ತಾನೇ ಬಿಚ್ಚಿ ಹಳೆಯ ಹೆಸರಲ್ಲೇ ಉಳಿಸುತ್ತದೆ. ‘ಫೈಲ್’ ಕಮಾಂಡ್ ಕೊಟ್ಟರೆ ಎರಡೂ ಬಯಲಾಗುತ್ತವೆ.

ಈಗ ನಿಜವಾದ ಕಾಯಿಲೆಗಳಿಗೆ ಬರೋಣ. ಒಮ್ಮೆ ಒಂದು ಜಿಜಿಪ್ ಫೈಲಿನ ತಲೆ ಹೀಗಿತ್ತು: 1ಎಫ್ ಇಎಫ್ ಬಿಎಫ್ ಬಿಡಿ 08. ಇಲ್ಲಿ ನಡೆದದ್ದನ್ನು ನಿಧಾನವಾಗಿ ನೋಡಬೇಕು. ದಾರಿಯಲ್ಲಿ ಯಾವುದೋ ಪ್ರೋಗ್ರಾಂ ಇದನ್ನು ಅಕ್ಷರ ಪಠ್ಯ ಅಂದುಕೊಂಡು ಯುಟಿಎಫ್-8 (ಅಕ್ಷರಗಳನ್ನು ಬೈಟುಗಳಲ್ಲಿ ಬರೆಯುವ ಒಂದು ಪದ್ಧತಿ) ಎಂದು ಓದಿದೆ. 1ಎಫ್ 80ಕ್ಕಿಂತ ಚಿಕ್ಕ ಬೈಟ್, ಹಾಗೇ ದಾಟಿತು. 8ಬಿ ಮಾತ್ರ ಒಂಟಿಯಾಗಿ ಬಂದರೆ ಯುಟಿಎಫ್-8ನಲ್ಲಿ ಅರ್ಥವಿಲ್ಲದ್ದು. ಆ ಪ್ರೋಗ್ರಾಂ ಅದನ್ನು ಕಿತ್ತು, ಆ ಜಾಗಕ್ಕೆ ‘ಗೊತ್ತಾಗದ ಅಕ್ಷರ’ದ ಗುರುತು ಇಟ್ಟಿತು. ಪರದೆಯ ಮೇಲೆ ಪ್ರಶ್ನೆಚಿಹ್ನೆ ಇರುವ ಕಪ್ಪು ವಜ್ರದ ಹಾಗೆ ಕಾಣುತ್ತದಲ್ಲ, ಅದೇ. ಅದರ ಮೂರು ಬೈಟುಗಳೇ ಇಎಫ್ ಬಿಎಫ್ ಬಿಡಿ.

ಕಂಪ್ರೆಸ್ ಆದ ಡೇಟಾದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಬೈಟುಗಳು 8ಬಿ ಹಾಗೆ 80ರಿಂದ ಮೇಲಿನವು. ಅವುಗಳಲ್ಲಿ ಬಹುಪಾಲಿಗೆ ಇದೇ ಗತಿ. ಒಂದು ಬೈಟಿನ ಜಾಗಕ್ಕೆ ಮೂರು ಬರುವುದರಿಂದ ಫೈಲ್ ಹತ್ತಿರ ಹತ್ತಿರ ಎರಡು ಪಟ್ಟು ಊದಿಕೊಳ್ಳುತ್ತದೆ. 8ಬಿ ಇದ್ದದ್ದೂ 9ಸಿ ಇದ್ದದ್ದೂ ಈಗ ಒಂದೇ ಥರ ಕಾಣುತ್ತವೆ. ಯಾವುದು ಯಾವುದಾಗಿತ್ತು ಅಂತ ಹೇಳಲು ಬ್ರಹ್ಮನಿಗೂ ಆಗುವುದಿಲ್ಲ. ಇಂಥ ಫೈಲಿನ ಮೇಲೆ ಒಂದು ನಿಮಿಷವೂ ಕಳೆಯಬೇಡಿ. ಮೂಲದಿಂದ ಮತ್ತೆ ತರಿಸಿಕೊಳ್ಳಿ, ದಾರಿಯಲ್ಲಿ ಫೈಲನ್ನು ಪಠ್ಯವಾಗಿ ಓದಿದ ಕೋಡನ್ನು ಸರಿಮಾಡಿ. ತಲೆ ಎಫ್‌ಎಫ್ ಎಫ್‌ಇ ಎಂದು ಶುರುವಾದರೂ ಇದೇ ಜಾತಿಯ ರೋಗ. ಹಳೆಯ ಪವರ್‌ಶೆಲ್‌ನಲ್ಲಿ ಬಾಣದ ಗುರುತು ಹಾಕಿ ಔಟ್‌ಪುಟ್ ಉಳಿಸಿದಾಗ ಅದು ಯುಟಿಎಫ್-16 ಪಠ್ಯವಾಗಿ ಕೂರುತ್ತದೆ.

ಮೂರನೆಯದು ಎಫ್‌ಟಿಪಿ (ಫೈಲ್ ಕಳಿಸುವ ಹಳೆಯ ವಿಧಾನ) ಕಾಲದ್ದು, ಈಗಲೂ ಸತ್ತಿಲ್ಲ. ಅದರ ಆಸ್ಕಿ ಮೋಡ್‌ನಲ್ಲಿ, ಅಂದರೆ ಪಠ್ಯದ ಹಾಗೆ ಕಳಿಸಿದರೆ ಸಾಲಿನ ಕೊನೆಯ ಗುರುತು ಬದಲಾಗುತ್ತದೆ. 0ಎ ಬೈಟ್ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಅದರ ಹಿಂದೆ 0ಡಿ ಸೇರುತ್ತದೆ. ತಲೆ ಸರಿಯಾಗೇ ಇರುತ್ತದೆ, ಒಳಗೆ ಸ್ವಲ್ಪ ದೂರ ಹೋದ ಮೇಲೆ ‘ಫಾರ್ಮ್ಯಾಟ್ ವಯಲೇಟೆಡ್’ ಅನ್ನುತ್ತದೆ. ಪತ್ತೆ ಮಾಡುವ ದಾರಿ ಗಾತ್ರ. 256 ಬೈಟಿಗೆ ಸರಾಸರಿ ಒಂದು 0ಎ ಸಿಗುವುದರಿಂದ ಫೈಲ್ ಸುಮಾರು ಶೇ. 0.4ರಷ್ಟು ದಪ್ಪಗಾಗಿರುತ್ತದೆ. ಸಂತೋಷದ ವಿಷಯ ಏನೆಂದರೆ ಈ ಕಡೆಯ ಹಾನಿಯನ್ನು ತಿರುಗಿಸಬಹುದು, ಸೇರಿದ 0ಡಿಗಳನ್ನು ತೆಗೆದರಾಯಿತು. ಜಿಜಿಪ್ ಬರೆದವರೇ ಇದಕ್ಕೆ ‘ಫಿಕ್ಸ್‌ಜಿಜೆಡ್’ ಎಂಬ ಪುಟ್ಟ ಪ್ರೋಗ್ರಾಂ ಕೊಟ್ಟಿದ್ದಾರೆ. ಉಲ್ಟಾ ದಿಕ್ಕಿನಲ್ಲಿ, ಅಂದರೆ 0ಡಿ 0ಎ ಜೋಡಿಯಿಂದ 0ಡಿ ಕಿತ್ತುಹೋಗಿದ್ದರೆ ಕಷ್ಟ. ಯಾವ 0ಎ ಹಿಂದೆ ಅದು ಇತ್ತು ಅನ್ನುವ ಸುಳಿವೇ ಉಳಿದಿರುವುದಿಲ್ಲ.

ಬಾಲ ನೋಡುವುದು

ಜಿಜಿಪ್ ಫೈಲಿನ ಕೊನೆಯ 8 ಬೈಟುಗಳಲ್ಲಿ ಎರಡು ವಿಷಯ ಇವೆ. ಮೊದಲ 4 ಬೈಟ್ ಸಿಆರ್‌ಸಿ32 ಚೆಕ್‌ಸಮ್. ಕೊನೆಯ 4 ಬೈಟ್ ಬಿಚ್ಚಿದ ಮೇಲಿನ ಗಾತ್ರ. ಗಾತ್ರವನ್ನು ಚಿಕ್ಕ ಬೈಟ್ ಮೊದಲು ಇಟ್ಟು ಬರೆದಿರುತ್ತಾರೆ, ಹಾಗಾಗಿ ಬಲದಿಂದ ಎಡಕ್ಕೆ ಓದಬೇಕು. ಕೊನೆಯಲ್ಲಿ 00 10 00 00 ಕಂಡರೆ ಅದು 4096 ಬೈಟ್.

ಫೈಲ್ ತುಂಡಾಗಿದ್ದರೆ ಈ ಜಾಗದಲ್ಲಿ ಗಾತ್ರದ ಬದಲು ಮಧ್ಯದ ಯಾವುದೋ ಡೇಟಾ ಕೂತಿರುತ್ತದೆ. ಸಣ್ಣ ಲಾಗ್ ಫೈಲಿಗೆ 3 ಜಿಬಿ ಅಂತ ಬಂದರೆ ಬಾಲ ಹೋಗಿದೆ ಅಂತಲೇ ತಿಳಿಯಿರಿ. ಒಂದು ಎಚ್ಚರ: 4 ಬೈಟಿನಲ್ಲಿ 4 ಜಿಬಿಗಿಂತ ದೊಡ್ಡ ಸಂಖ್ಯೆ ಹಿಡಿಯುವುದಿಲ್ಲ, ಗಾಡಿಯ ಮೀಟರ್ ಸುತ್ತಿ ಮತ್ತೆ ಸೊನ್ನೆಗೆ ಬಂದ ಹಾಗೆ ಆಗುತ್ತದೆ. ‘ಜಿಜಿಪ್ -ಎಲ್’ ತುಂಬಾ ವರ್ಷ ಇದೇ ಸಂಖ್ಯೆಯನ್ನು ನಂಬಿ ದೊಡ್ಡ ಫೈಲಿಗೆ ತಪ್ಪು ಗಾತ್ರ ತೋರಿಸುತ್ತಿತ್ತು. 2022ರಲ್ಲಿ ಬಂದ 1.12 ಆವೃತ್ತಿಯಲ್ಲಿ ಅದು ಸರಿಹೋಯಿತು. ಹಳೆಯ ಜಿಜಿಪ್ ಇರುವ ಕಂಪ್ಯೂಟರಿನಲ್ಲಿ ಕೂತು ‘ಗಾತ್ರ ಹೊಂದುತ್ತಿಲ್ಲ, ಫೈಲ್ ಕೆಟ್ಟಿದೆ’ ಅಂತ ತೀರ್ಮಾನಿಸಬೇಡಿ.

ಎಕ್ಸ್‌ಜೆಡ್ ಫೈಲ್ 59 5ಎ ಎಂದು ಮುಗಿಯಬೇಕು. ಜಿಪ್ ಫೈಲಿನ ಸೂಚಿಪಟ್ಟಿ ಇರುವುದೇ ಕೊನೆಯಲ್ಲಿ. ಅಲ್ಲಿ 50 4ಬಿ 05 06 ಸಿಗದಿದ್ದರೆ ‘ಎಂಡ್ ಆಫ್ ಸೆಂಟ್ರಲ್ ಡೈರೆಕ್ಟರಿ’ ಕಾಣಿಸುತ್ತಿಲ್ಲ ಎಂದು ಅನ್‌ಜಿಪ್ ಗೊಣಗುತ್ತದೆ. ಡೌನ್‌ಲೋಡ್ ಮಧ್ಯೆ ನಿಂತದ್ದೇ ಸಾಮಾನ್ಯ ಕಾರಣ. ಆದರೆ ಪಟ್ಟಿ ಹೋದರೂ ಪ್ರತಿ ಫೈಲಿನ ಮುಂದೆ ಅದರದ್ದೇ ಚಿಕ್ಕ ತಲೆಬರಹ ಇರುವುದರಿಂದ ‘ಜಿಪ್ -ಎಫ್‌ಎಫ್’ (ಎರಡೂ ದೊಡ್ಡಕ್ಷರ) ಆರ್ಕೈವನ್ನು ಬಹಳ ಮಟ್ಟಿಗೆ ಮತ್ತೆ ಕಟ್ಟಿಕೊಡುತ್ತದೆ.

ಬಾಲದ ತುಂಬ ಬರೀ 00 ಇದ್ದರೆ ಕರೆಂಟ್ ಹೋದದ್ದನ್ನೋ ಸಿಸ್ಟಮ್ ಬಿದ್ದದ್ದನ್ನೋ ಅನುಮಾನಿಸಿ. ಫೈಲಿಗೆ ಜಾಗ ಸಿಕ್ಕಿತ್ತು, ಡೇಟಾ ಡಿಸ್ಕಿಗೆ ಇಳಿಯುವ ಮೊದಲೇ ಎಲ್ಲ ನಿಂತಿತು.

ಸಿಆರ್‌ಸಿ ಎರರ್ ಮತ್ತು ಫಾರ್ಮ್ಯಾಟ್ ಎರರ್ ಒಂದೇ ಅಲ್ಲ

ಎರಡಕ್ಕೂ ‘ಕರಪ್ಟ್ ಆಗಿದೆ’ ಅಂತ ಒಂದೇ ಮಾತು ಹೇಳಿಬಿಡುತ್ತೇವೆ. ವ್ಯತ್ಯಾಸ ದೊಡ್ಡದು. ಡಿಫ್ಲೇಟ್ ಅನ್ನುವ ಜಿಜಿಪ್‌ನ ಒಳಗಿನ ವಿಧಾನ ಎರಡು ಕೆಲಸ ಮಾಡುತ್ತದೆ. ಹಿಂದಿನ 32 ಕೆಬಿಯಲ್ಲಿ ಇದೇ ತುಣುಕು ಬಂದಿದ್ದರೆ ‘ಇಷ್ಟು ಹಿಂದೆ ಹೋಗು, ಇಷ್ಟು ಅಕ್ಷರ ಎತ್ತಿಕೋ’ ಎಂದು ಬರೆಯುತ್ತದೆ. ಆಮೇಲೆ ಹಫ್‌ಮನ್ ಕೋಡಿಂಗಿನಲ್ಲಿ ಜಾಸ್ತಿ ಬರುವುದಕ್ಕೆ ಕಡಿಮೆ ಬಿಟ್, ಕಮ್ಮಿ ಬರುವುದಕ್ಕೆ ಹೆಚ್ಚು ಬಿಟ್ ಕೊಡುತ್ತದೆ.

ಒಂದು ಬಿಟ್ ತಿರುಗಿದೆ ಅಂದುಕೊಳ್ಳಿ. ಅದೃಷ್ಟ ಇದ್ದರೆ ಒಂದು ಅಕ್ಷರದ ಕೋಡ್ ಅಷ್ಟೇ ಉದ್ದದ ಇನ್ನೊಂದು ಅಕ್ಷರದ ಕೋಡ್ ಆಗುತ್ತದೆ. ಬಿಚ್ಚುವ ಕೆಲಸ ಕೊನೆಯವರೆಗೂ ಸಲೀಸಾಗಿ ಹೋಗುತ್ತದೆ, ಬಾಗಿಲಲ್ಲಿ ಸಿಆರ್‌ಸಿ ಮಾತ್ರ ಹೊಂದುವುದಿಲ್ಲ. ಹಾಗಾಗಿ ಬರೀ ‘ಸಿಆರ್‌ಸಿ ಎರರ್’ ಬಂದು ಉದ್ದ ಸರಿ ಇದ್ದರೆ, ಹಾನಿ ಬಹಳ ಚಿಕ್ಕದಿರಬಹುದು. ಪಠ್ಯವಾದರೆ ಕಣ್ಣಿಗೇ ಕಾಣುತ್ತದೆ. ಆದರೆ ಕೆಟ್ಟ ತುಣುಕನ್ನು ಮುಂದೆ ‘ಹಿಂದೆ ಹೋಗಿ ಎತ್ತಿಕೋ’ ಸಾಲುಗಳು ಮತ್ತೆ ಮತ್ತೆ ಎತ್ತಿಕೊಂಡಿರುತ್ತವೆ. ಒಂದೇ ತಪ್ಪು ಹತ್ತು ಕಡೆ ಕಂಡರೆ ಹೆದರಬೇಡಿ, ಬೇರು ಒಂದೇ. ಕೋಡಿನ ಉದ್ದವೇ ಬದಲಾದರೆ ಮಾತ್ರ ಅಲ್ಲಿಂದ ಮುಂದೆ ಲಯ ತಪ್ಪುತ್ತದೆ. ಸ್ವಲ್ಪ ದೂರ ಕಸ ಬಂದು, ಆಮೇಲೆ ‘ಫಾರ್ಮ್ಯಾಟ್ ವಯಲೇಟೆಡ್’.

ಮೂರು ಸಲ ಕೇಳಿ

ಇದು ನನ್ನ ಮೆಚ್ಚಿನ ಪರೀಕ್ಷೆ, ಖರ್ಚಿಲ್ಲದ್ದು. ಅದೇ ಫೈಲಿನ ಮೇಲೆ ಅದೇ ಟೆಸ್ಟ್ ಕಮಾಂಡನ್ನು (ಜಿಜಿಪ್ ಆದರೆ ‘ಜಿಜಿಪ್ -ಟಿ’) ಮೂರು ಸಲ ಓಡಿಸಿ. ಪ್ರತಿ ಸಲವೂ ಒಂದೇ ಜಾಗದಲ್ಲಿ ಒಂದೇ ಎರರ್ ಬಂದರೆ ಡಿಸ್ಕಿನ ಮೇಲಿರುವ ಬೈಟುಗಳೇ ತಪ್ಪು. ಒಂದು ಸಲ ಪಾಸ್, ಒಂದು ಸಲ ಫೇಲ್, ಅಥವಾ ಬೇರೆ ಬೇರೆ ಜಾಗದಲ್ಲಿ ಎರರ್ ಬಂದರೆ ಫೈಲಿನ ಗೊಡವೆ ಬಿಡಿ. ರ್‍ಯಾಮ್ ಕೈಕೊಡುತ್ತಿದೆ, ಇಲ್ಲವೇ ಕೇಬಲ್ಲೋ ಡಿಸ್ಕಿನ ಕಂಟ್ರೋಲರ್ರೋ ಆಟ ಆಡುತ್ತಿದೆ. ಒಂದು ರಾತ್ರಿ ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಓಡಿಸಿಟ್ಟು ಮಲಗಿ.

ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ಟೂಲ್ ಹಾರ್ಡ್‌ವೇರನ್ನು ದೂರುತ್ತಿದೆ ಅನ್ನಿಸಬಹುದು. ಇಲ್ಲಿ ನೆಲ ನಿಜವಾಗಿಯೂ ಡೊಂಕಿರುತ್ತದೆ. ಕಂಪ್ರೆಸ್ ಮಾಡುವ ಪ್ರೋಗ್ರಾಂ ಮೆಮೊರಿಯನ್ನು ಗುದ್ದಿ ಗುದ್ದಿ ಬಳಸುತ್ತದೆ, ಕೊನೆಗೆ ಲೆಕ್ಕವನ್ನೂ ತಾಳೆ ನೋಡುತ್ತದೆ. ಬೇರೆ ಪ್ರೋಗ್ರಾಂಗಳು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ, ತಪ್ಪು ಬಿಟ್ ಇಟ್ಟುಕೊಂಡೇ ಮುಂದೆ ಹೋಗುತ್ತವೆ. ಬಿಜಿಪ್2ನ ಒಂದು ಎರರ್ ಸಂದೇಶದಲ್ಲಿ ‘ನಿಮ್ಮ ಮೆಮೊರಿ ಕೆಟ್ಟಿರಬಹುದು’ ಎಂದು ನೇರವಾಗಿಯೇ ಬರೆದಿದ್ದಾರೆ. ಅದನ್ನು ನಂಬಿ.

ಫೈಲ್ ಚೆನ್ನಾಗಿದೆ, ಟೂಲಿಗೆ ಕೈ ಸಾಲದು

ಕೆಲವು ಸಲ ಫೈಲಿನಲ್ಲಿ ಏನೂ ತಪ್ಪಿಲ್ಲ. ಜೆಡ್‌ಸ್ಟ್ಯಾಂಡರ್ಡ್‌ನಲ್ಲಿ ‘--ಲಾಂಗ್=31’ ಹಾಕಿ ಕಂಪ್ರೆಸ್ ಮಾಡಿದರೆ ಹಿಂದಕ್ಕೆ 2 ಜಿಬಿವರೆಗೂ ನೋಡುತ್ತದೆ. ಬಿಚ್ಚುವಾಗ ಅಷ್ಟು ಮೆಮೊರಿ ಬೇಕು. ಬಿಚ್ಚುವ ಕಡೆ ಹೇಳದೆ ಕೇಳದೆ ಒಪ್ಪುವ ಮಿತಿ 128 ಎಂಬಿ ಮಾತ್ರ. ಆಗ ‘ಫ್ರೇಮಿಗೆ ತುಂಬಾ ಮೆಮೊರಿ ಬೇಕು’ ಎಂದು ನಿಲ್ಲುತ್ತದೆ. ಪಕ್ಕದಲ್ಲೇ ಯಾವ ಆಯ್ಕೆ ಹಾಕಬೇಕು ಅಂತಲೂ ಹೇಳುತ್ತದೆ, ಆದರೆ ನಾವು ಮೊದಲ ಸಾಲು ಓದಿ ಕಿಟಕಿ ಮುಚ್ಚಿಬಿಡುತ್ತೇವೆ. ಬಿಚ್ಚುವಾಗಲೂ ಅದೇ ‘--ಲಾಂಗ್=31’ ಕೊಡಿ. ‘ಡಿಕ್ಷನರಿ ಮಿಸ್‌ಮ್ಯಾಚ್’ ಬಂದರೆ, ಕಂಪ್ರೆಸ್ ಮಾಡಿದವರು ಪ್ರತ್ಯೇಕ ಡಿಕ್ಷನರಿ ಫೈಲ್ ಬಳಸಿದ್ದಾರೆ. ಅದು ಕೈಗೆ ಬರುವವರೆಗೆ ಏನೂ ಮಾಡುವಂತಿಲ್ಲ.

ಎಕ್ಸ್‌ಜೆಡ್‌ಗೆ ‘-9’ ಹಾಕಿದರೆ ಕಟ್ಟಲು ಒಂದು ಥ್ರೆಡ್ಡಿಗೆ 674 ಎಂಬಿ, ಬಿಚ್ಚಲು 65 ಎಂಬಿ ಬೇಕು. ದೊಡ್ಡ ಸರ್ವರಿನಲ್ಲಿ ಕಟ್ಟಿ ಸಣ್ಣ ರೂಟರಿನಲ್ಲಿ ಬಿಚ್ಚಲು ಹೋದರೆ ಈ 65 ಕೂಡ ಭಾರ. ಇನ್ನು ಗ್ನೂ ಟಾರ್‌ಗೆ ‘--ಜೆಡ್‌ಎಸ್‌ಟಿಡಿ’ ಆಯ್ಕೆ ಬಂದದ್ದೇ 2019ರ 1.31 ಆವೃತ್ತಿಯಲ್ಲಿ. ಅದಕ್ಕಿಂತ ಹಳೆಯದಿದ್ದರೆ ಮೊದಲು ಜೆಡ್‌ಸ್ಟ್ಯಾಂಡರ್ಡ್‌ನಿಂದ ಬಿಚ್ಚಿ, ಪೈಪಿನಲ್ಲಿ (ಒಂದು ಕಮಾಂಡಿನ ಔಟ್‌ಪುಟ್ಟನ್ನು ನೇರ ಇನ್ನೊಂದಕ್ಕೆ ಹರಿಸುವ ದಾರಿ) ಟಾರ್‌ಗೆ ಕೊಡಿ.

ಎಕ್ಸ್‌ಜೆಡ್ ಮಾತು ಬಂದದ್ದರಿಂದ ‘ಎಕ್ಸ್‌ಜೆಡ್ --ವರ್ಷನ್’ ಒಮ್ಮೆ ನೋಡಿಬಿಡಿ. 5.6.0 ಅಥವಾ 5.6.1 ಇದ್ದರೆ ಅದು ಯಾವ ಪ್ಯಾಕೇಜಿನಿಂದ ಬಂದದ್ದು ಅಂತ ವಿಚಾರಿಸಿ, ಸುಮ್ಮನೆ ಬೇರೆ ಆವೃತ್ತಿಗೆ ಹೋಗಿ. ಆ ಎರಡು ಬಿಡುಗಡೆಗಳಲ್ಲಿ ಕಂಪ್ಯೂಟರಿನೊಳಗೆ ಕದ್ದು ನುಗ್ಗಲು ಹಿಂಬಾಗಿಲು ಇಟ್ಟಿದ್ದರು. ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಹೋಗುವ ದಾರಿ) ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಬೆನ್ನು ಹತ್ತಿದ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್ ಅದನ್ನು 2024ರ ಮಾರ್ಚ್ 29ರಂದು ಬಯಲಿಗೆ ತಂದರು. ದೋಷ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಕಥೆ ಇಲ್ಲ. ಆ ಕೋಡಿನ ಭಾಗ ಅಡಗಿದ್ದದ್ದು ಎಲ್ಲಿ ಗೊತ್ತಾ? ಪರೀಕ್ಷೆಗೆಂದು ಇಟ್ಟ, ಹೆಸರಿನಲ್ಲೇ ‘ಕರಪ್ಟ್’ ಎಂದು ಬರೆದಿದ್ದ ಎಕ್ಸ್‌ಜೆಡ್ ಫೈಲಿನಲ್ಲಿ. ಕೆಟ್ಟ ಫೈಲನ್ನು ಯಾರು ಬಿಚ್ಚಿ ನೋಡುತ್ತಾರೆ!

ಉಳಿದದ್ದನ್ನು ಎತ್ತಿಕೊಳ್ಳುವುದು

ಮಧ್ಯದಲ್ಲಿ ಹಾನಿಯಾದಾಗ ಬಿಜಿಪ್2 ಅಷ್ಟು ಒಳ್ಳೆಯ ಗೆಳೆಯ ಇನ್ನೊಬ್ಬನಿಲ್ಲ. ಅದು ಡೇಟಾವನ್ನು 100 ಕೆಬಿಯಿಂದ 900 ಕೆಬಿವರೆಗಿನ ಬ್ಲಾಕುಗಳಾಗಿ ಕತ್ತರಿಸುತ್ತದೆ, ಪ್ರತಿ ಬ್ಲಾಕೂ ತನ್ನ ಕಾಲ ಮೇಲೆ ನಿಂತಿರುತ್ತದೆ. ‘ಎಕ್ಸ್‌ಎಕ್ಸ್‌ಡಿ’ ಕೊಟ್ಟರೆ ಮೊದಲ ಬ್ಲಾಕಿನ ಶುರು ಹೀಗೆ ಕಾಣುತ್ತದೆ: 42 5ಎ 68 39 31 41 59 26 53 59. ಕೊನೆಯ ಆರು ಬೈಟುಗಳನ್ನು ಓದಿ ನೋಡಿ: 3.14159265359. ಪೈ! ಬಿಜಿಪ್2 ಬರೆದ ಜೂಲಿಯನ್ ಸೀವರ್ಡ್ ಪ್ರತಿ ಬ್ಲಾಕಿನ ತಲೆಗೂ ಪೈ ಬೆಲೆಯನ್ನೇ ಗುರುತಾಗಿ ಇಟ್ಟಿದ್ದಾರೆ. ಫೈಲ್ ಮುಗಿಯುವಲ್ಲಿ ಇರುವುದು 17 72 45 38 50 90, ಅದು ಪೈನ ವರ್ಗಮೂಲ.

ಎರಡನೇ ಬ್ಲಾಕಿನಿಂದ ಈ ಗುರುತು ಬೈಟಿನ ಗಡಿಯಲ್ಲೇ ಶುರುವಾಗಬೇಕೆಂದಿಲ್ಲ, ಮಧ್ಯದ ಯಾವ ಬಿಟ್‌ನಲ್ಲೂ ಇರಬಹುದು. ಕಣ್ಣಿಗೆ ಕಾಣದು, ಹುಡುಕುವ ಕಮಾಂಡ್ ‘ಗ್ರೆಪ್’ಗೂ ಸಿಗದು. ‘ಬಿಜಿಪ್2ರಿಕವರ್’ ಬಿಟ್ ಬಿಟ್ಟಾಗಿ ಹುಡುಕಿ ಪ್ರತಿ ಬ್ಲಾಕನ್ನೂ ಒಂದೊಂದು ಪುಟ್ಟ ಫೈಲ್ ಮಾಡಿ ಕೊಡುತ್ತದೆ. ಅವುಗಳನ್ನೆಲ್ಲ ‘ಬಿಜಿಪ್2 -ಟಿ’ ಹಾಕಿ ಪರೀಕ್ಷಿಸಿ, ಕೆಟ್ಟದ್ದನ್ನು ಪಕ್ಕಕ್ಕಿಟ್ಟು, ಉಳಿದದ್ದನ್ನು ಬಿಚ್ಚಿ ಜೋಡಿಸಿ. ಒಳಗೆ ಟಾರ್ ಇದ್ದರೆ ಕಿತ್ತುಹೋದ ಜಾಗದಲ್ಲಿ ಅದು ದೂರು ಹೇಳಿ ಮುಂದಿನ ಫೈಲಿನ ತಲೆಬರಹಕ್ಕೆ ಹಾರುತ್ತದೆ.

ಜಿಜಿಪ್‌ನಲ್ಲಿ ಇಂಥ ಗುರುತು ಇಲ್ಲ. ಹಾನಿಯ ಹಿಂದಿನದು ಪೂರ್ತಿ ಸಿಗುತ್ತದೆ. ಮುಂದಿನದಕ್ಕೆ ‘ಜಿಜೆಡ್‌ರಿಕವರ್’ ಪ್ರಯತ್ನ ಪಡುತ್ತದೆ, ನಾನು ಹೆಚ್ಚು ಆಸೆ ಇಟ್ಟುಕೊಳ್ಳುವುದಿಲ್ಲ. ಎಕ್ಸ್‌ಜೆಡ್ ಫೈಲನ್ನು ಒಂದೇ ಥ್ರೆಡ್ಡಿನಲ್ಲಿ ಕಟ್ಟಿದ್ದರೆ ಸಾಮಾನ್ಯವಾಗಿ ಇಡೀ ಫೈಲಿಗೆ ಒಂದೇ ಬ್ಲಾಕ್. ‘ಎಕ್ಸ್‌ಜೆಡ್ -ಎಲ್’ ಎಷ್ಟು ಬ್ಲಾಕ್ ಇವೆ ಅಂತ ಹೇಳುತ್ತದೆ, 1 ಅಂತ ಬಂದರೆ ಹಾನಿಯಿಂದಾಚೆಯದನ್ನು ಮರೆತುಬಿಡಿ. ವರ್ಷಗಟ್ಟಲೆ ಇಡುವ ಫೈಲಾದರೆ ಪಕ್ಕದಲ್ಲಿ ‘ಪಾರ್2’ ಫೈಲುಗಳನ್ನು ಮಾಡಿಟ್ಟರೆ ಅಷ್ಟಿಷ್ಟು ಹಾನಿಯನ್ನು ಅವು ಪೂರ್ತಿ ತುಂಬಿಕೊಡುತ್ತವೆ. ಲಿಜಿಪ್ ಎಂಬ ಇನ್ನೊಂದು ಫಾರ್ಮ್ಯಾಟ್ ಬಳಸಿದ್ದರೆ ‘ಲಿಜಿಪ್‌ರಿಕವರ್’ ಚಿಕ್ಕಪುಟ್ಟ ಬೈಟ್ ದೋಷವನ್ನು ತಾನೇ ಸರಿಮಾಡಬಲ್ಲದು.

ಅಂದಹಾಗೆ, ‘ಕಂಪ್ರೆಸ್ ಮಾಡಿದರೂ ಗಾತ್ರ ಇಳಿಯುತ್ತಿಲ್ಲ’ ಅನ್ನುವುದು ದೋಷ ಅಲ್ಲ. ಜೆಪೆಗ್, ವಿಡಿಯೊ, ಎನ್‌ಕ್ರಿಪ್ಟ್ ಆದ ಫೈಲ್ ಇವುಗಳಲ್ಲಿ ಹಿಂಡಲು ಏನೂ ಉಳಿದಿರುವುದಿಲ್ಲ. ಎನ್‌ಕ್ರಿಪ್ಟ್ ಮಾಡುವುದಿದ್ದರೆ ಮೊದಲು ಕಂಪ್ರೆಸ್, ಆಮೇಲೆ ಎನ್‌ಕ್ರಿಪ್ಟ್.

ಟೆಸ್ಟ್ ಪಾಸ್, ಡೇಟಾ ಮಾಯ

ಇದು ಎಲ್ಲಕ್ಕಿಂತ ಕೆಟ್ಟದ್ದು. ಟಾರ್ ಔಟ್‌ಪುಟ್ಟನ್ನು ಪೈಪಿನಲ್ಲಿ ಜಿಜಿಪ್‌ಗೆ ಕೊಟ್ಟಿದ್ದೀರಿ. ಮಧ್ಯದಲ್ಲಿ ಟಾರ್ ಸತ್ತಿತು. ಜಿಜಿಪ್‌ಗೆ ಅದು ಗೊತ್ತಾಗುವುದಿಲ್ಲ, ಇನ್‌ಪುಟ್ ಮುಗಿಯಿತು ಅಂದುಕೊಂಡು ಸರಿಯಾದ ಸಿಆರ್‌ಸಿ, ಸರಿಯಾದ ಗಾತ್ರ ಬರೆದು ಚೆಂದವಾಗಿ ಮುಚ್ಚುತ್ತದೆ. ‘ಜಿಜಿಪ್ -ಟಿ’ ಪಾಸ್. ಶೆಲ್ ಕೂಡ ಪೈಪಿನ ಕೊನೆಯ ಕಮಾಂಡಿನ ಫಲಿತಾಂಶ ಮಾತ್ರ ನೋಡಿ ಎಲ್ಲ ಸರಿ ಅನ್ನುತ್ತದೆ. ಹೊರಗಿನ ಡಬ್ಬಿ ಗಟ್ಟಿ, ಒಳಗೆ ಅರ್ಧ ಖಾಲಿ. ಬ್ಯಾಷ್ ಸ್ಕ್ರಿಪ್ಟಿನ ಮೇಲ್ಗಡೆ ‘ಸೆಟ್ -ಓ ಪೈಪ್‌ಫೇಲ್’ ಬರೆಯಿರಿ, ಪರೀಕ್ಷೆಯನ್ನು ‘ಟಾರ್ -ಟಿಜೆಡ್‌ಎಫ್’ ಮೂಲಕ ಮಾಡಿ. ಇನ್ನೂ ಅನುಮಾನ ಇದ್ದರೆ ಬಿಚ್ಚಿದ ಟಾರ್‌ನ ಕೊನೆಯ 1024 ಬೈಟ್ ನೋಡಿ. 512 ಬೈಟಿನ ಎರಡು ಬ್ಲಾಕ್, ಪೂರ್ತಿ ಸೊನ್ನೆ ಇರಬೇಕು.

ಪೆನ್‌ಡ್ರೈವಿಗೆ ಕಾಪಿ ಮಾಡಿದ ಕೂಡಲೇ ಟೆಸ್ಟ್ ಓಡಿಸಿದರೆ ಅದು ಓದುವುದು ಬಹುತೇಕ ರ್‍ಯಾಮಿನಲ್ಲಿ ಇನ್ನೂ ಕೂತಿರುವ ಪ್ರತಿಯನ್ನು, ಡ್ರೈವಿನ ಮೇಲಿರುವುದನ್ನಲ್ಲ. ಅನ್‌ಮೌಂಟ್ ಮಾಡಿ, ಕಿತ್ತು, ಮತ್ತೆ ಚುಚ್ಚಿ, ಆಮೇಲೆ ಟೆಸ್ಟ್ ಮಾಡಿ. ನಾನು ಈಗ ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡುವುದು ಅದಾದ ಮೇಲೇ.